ಬೀಗರ ಮನೆಯ ಖಾಲಿ ಹಗಲುಗಳು

ಪರದೇಶದಲ್ಲಿ ಇದ್ದು ಬಂದವಳು ನಾನು ಅಂದರೆ ಮೊಮ್ಮಕ್ಕಳು ನಗುತ್ತಾರೆ. ಅವರ ಪರದೇಶಕ್ಕೆ ವಿಮಾನ ಬೇಕು. ನಾನು ಹೋದದ್ದು ಹರಿಗೋಲಿನಲ್ಲಿ. ತುಂಗಭದ್ರೆಯ ಆಚೆ ದಂಡೆಯ ನಮ್ಮೂರು ಆಗ ಮೊಗಲಾಯಿ, ಅಂದರೆ ನಿಜಾಮರ ಸೀಮೆ. ಈಚೆ ದಂಡೆಯ ಸಿರುಗುಪ್ಪ ಮದರಾಸಿಗೆ ಸೇರಿದ್ದು. ಹೊಳೆ ದಾಟಿದರೆ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ನಮ್ಮ ಗಂಟು ಬಿಚ್ಚಿಸಿ ನೋಡುವ ಸುಂಕದವನು ಬೇರೆ. ನಮ್ಮ ರೊಟ್ಟಿಯನ್ನೇ ಅವರೂ ತಿನ್ನುತ್ತಿದ್ದರು ಅನ್ನುವುದು ನಿಜ. ಆದರೂ ಒಂದು ವರ್ಷ ಅಲ್ಲಿ ಕೂತು ಎದ್ದ ನನಗೆ ಅದು ಪರದೇಶವೇ, ಯಾರು ಬೇಕಾದರೂ ನಗಲಿ.

ನಿಜಾಮರು ಹಿಂದೂಸ್ತಾನಕ್ಕೆ ಸೇರಲು ಒಪ್ಪದೆ, ನಲವತ್ತೇಳರ ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಲೂಟಿ, ಗಲಾಟೆ ಜೋರಾಯಿತು. ಊರೂರಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಹೊಳೆ ದಾಟಿಸತೊಡಗಿದರು. ನನಗಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಮದುವೆಯಾಗಿತ್ತು, ಮಕ್ಕಳಿರಲಿಲ್ಲ. ಮಾವ ಹಿಂದೆಯೇ ತೀರಿಕೊಂಡಿದ್ದರು. ಗಂಡ ನನ್ನನ್ನೂ ಅತ್ತೆಯನ್ನೂ ದಾಟಿಸಿ, ತಾನು ಎತ್ತುಗಳ ಜೊತೆ ಸಿರುಗುಪ್ಪದ ಹೊಳೆದಂಡೆಯಲ್ಲಿ ಉಳಿದ. ನಮ್ಮ ಕಡೆಯ ಗಂಡಸರು ಅಲ್ಲಿ ಗುಡಿಸಲು ಹಾಕಿಕೊಂಡು, ಸಂದು ಸಿಕ್ಕಾಗ ಆಚೆ ಹೋಗಿ ಹೊಲ ನೋಡಿಕೊಂಡು ಬರುತ್ತಿದ್ದರು. ನಮ್ಮಿಬ್ಬರನ್ನು ಬಂಡಿ ಹತ್ತಿಸಿ ಕುರುಗೋಡಿಗೆ ಕಳಿಸಿದ. ನನ್ನ ನಾದಿನಿಯನ್ನು ಆ ಊರಿಗೆ ಕೊಟ್ಟಿತ್ತು.

ಮಗಳ ಗಂಡನ ಮನೆಯಲ್ಲಿ ತಾಯಿ ತಳ ಊರಿ ಉಣ್ಣಬಾರದು ಅನ್ನುವುದು ನಮ್ಮವರ ಮಾತು. ಹಬ್ಬಕ್ಕೆ ಬಂದು ಎರಡು ದಿನ ಇದ್ದು ಎದ್ದು ಬಿಡಬೇಕು. ಬೀಗರ ಕೈಯಲ್ಲಿ ಕೆಲಸ ಮಾಡಿಸಬಾರದು ಅನ್ನುವುದು ಆ ಮನೆಯವರ ಮಾತು. ಬೀಗತಿ ಒಂದು ತಂಬಿಗೆ ಎತ್ತಿಟ್ಟರೂ ಓಣಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಈ ಎರಡು ಮಾತಿನ ಸಂದಿಯಲ್ಲಿ ನನ್ನ ಅತ್ತೆ ಸಿಕ್ಕಿಕೊಂಡರು.

ನಾದಿನಿಯ ಅತ್ತೆ, ನಮ್ಮ ಬೀಗತಿ, ಕೆಟ್ಟವರಲ್ಲ. ಒಳ್ಳೆಯವರೇ, ಅದೇ ತೊಂದರೆ. ಗಟ್ಟಿ ದನಿಯ, ಹಣೆ ತುಂಬ ವಿಭೂತಿ ಇಟ್ಟುಕೊಳ್ಳುವ, ಊರಿಗೇ ಊಟ ಹಾಕುವ ಹೆಂಗಸು. ಬೆಳಗಿನ ಲಿಂಗಪೂಜೆ ಮುಗಿಯುತ್ತಲೇ ನಮ್ಮ ಮುಂದೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಬರುತ್ತಿತ್ತು. ಕೈ ತೊಳೆಯಲು ನೀರು ಬರುತ್ತಿತ್ತು, ಒರೆಸಲು ಬಟ್ಟೆ ಬರುತ್ತಿತ್ತು. ಆಮೇಲೆ ಏನೂ ಬರುತ್ತಿರಲಿಲ್ಲ. ಸೂರ್ಯ ಇನ್ನೂ ಗುಡ್ಡದ ಮೇಲೆ ಸರಿಯಾಗಿ ಏರಿರುತ್ತಿರಲಿಲ್ಲ. ನಮ್ಮ ದಿನ ಮುಗಿದಿರುತ್ತಿತ್ತು.

ಹೊಲದ ಕೆಲಸ, ದನದ ಕೆಲಸ, ಬೀಸುವುದು, ಕುಟ್ಟುವುದು, ನೀರು ತರುವುದು, ಇವುಗಳ ನಡುವೆ ಉಸಿರು ಬಿಡಲು ಹೊತ್ತು ಸಿಗಲಿ ಎಂದು ಊರಿನಲ್ಲಿ ಎಷ್ಟು ಸಲ ಗೊಣಗಿದ್ದೆನೋ. ಈಗ ಹೊತ್ತು ಸಿಕ್ಕಿತು, ಬೇಕಾದಷ್ಟು. ಮೊದಲ ವಾರ ಮಲಗಿದೆ. ಎರಡನೆಯ ವಾರ ದೊಡ್ಡ ಬಸವಣ್ಣನ ಗುಡಿಗೆ ದಿನವೂ ಹೋದೆ. ಅಷ್ಟು ದೊಡ್ಡ ಕಲ್ಲಿನ ಬಸವಣ್ಣನೂ ನನ್ನ ಹಾಗೆಯೇ ಸುಮ್ಮನೆ ಕೂತಿದ್ದ. ಅವನಿಗೆ ಅಭ್ಯಾಸವಿತ್ತು, ನನಗಿರಲಿಲ್ಲ. ಮೂರನೆಯ ವಾರ ನಾನು ಕಳ್ಳತನಕ್ಕೆ ಇಳಿದೆ. ಬೀಗತಿ ಏಳುವ ಮೊದಲೇ ಎದ್ದು ಅಂಗಳ ಗುಡಿಸಿಟ್ಟೆ. ಮರುದಿನ ಅವರು ನನಗಿಂತ ಮೊದಲು ಎದ್ದರು. ಅದರ ಮರುದಿನ ನಾನು ಇನ್ನೂ ಮೊದಲು. ಹೀಗೆ ಇಬ್ಬರೂ ಹಠಕ್ಕೆ ಬಿದ್ದು ಕೋಳಿಗಿಂತ ಮುಂಚೆ ಏಳತೊಡಗಿದೆವು. ಕೊನೆಗೆ ಅವರು ಕಸಬರಿಗೆಯನ್ನೇ ತಮ್ಮ ಹಾಸಿಗೆಯ ಕೆಳಗೆ ಇಟ್ಟುಕೊಂಡು ಮಲಗಿದರು.

"ಬೀಗರಾಗಿ ಬಂದೀರಿ, ಬೀಗರಂಗ ಇರ್ರಿ. ನಮ್ಮ ಮರ್ಯಾದಿ ತಗೀಬ್ಯಾಡ್ರಿ" ಎಂದು ನಾದಿನಿಯ ಕೈಯಲ್ಲಿ ಹೇಳಿ ಕಳಿಸಿದರು. ನಾದಿನಿ ಪಾಪ, ಅತ್ತೆಗೂ ತಾಯಿಗೂ ನಡುವೆ ಇದ್ದವಳು, ಹೇಳಿ ಕಣ್ಣು ಒರೆಸಿಕೊಂಡು ಹೋದಳು.

ನನಗೆ ಇದು ಬೇಸರದ ಮಾತು, ಅಷ್ಟೇ. ಅತ್ತೆಗೆ ಅದು ಜೀವದ ಮಾತಾಯಿತು. ಗಂಡ ಸತ್ತ ಮೇಲೆ ಆ ಹೆಂಗಸು ಎರಡು ಜೊತೆ ಎತ್ತಿನ ಒಕ್ಕಲುತನ ಮಾಡಿಸಿದವರು. ಬಿತ್ತುವ ದಿನ ತಾವೇ ಮಡಿಲಲ್ಲಿ ಬೀಜ ಕಟ್ಟಿಕೊಂಡು ಸಾಲು ಹಿಡಿಯುತ್ತಿದ್ದರು. ತಾಯಿಯಿಲ್ಲದೆ ಬೆಳೆದ ನನ್ನನ್ನು ಸೊಸೆ ಮಾಡಿಕೊಂಡು, ಬೈದು ಬೈದು ಕೆಲಸ ಕಲಿಸಿ, ಬೈದ ದಿನ ತಲೆಗೆ ಎಣ್ಣೆ ಹಚ್ಚಿ ಎರೆದವರು. ಅಂಥವರು ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಮಗಳ ಮನೆಯ ರೊಟ್ಟಿ ನೋಡುತ್ತ, ಮೊದಲು ಅರ್ಧ ತಿಂದರು, ಆಮೇಲೆ ಕಾಲು ತಿಂದರು. ಕೇಳಿದರೆ "ಹಸಿವಿಲ್ಲ" ಅನ್ನುವರು. ಸಂಕ್ರಾಂತಿ ಹೊತ್ತಿಗೆ ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಜಾರುತ್ತಿತ್ತು. ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು.

ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. ಈಕೆಯನ್ನು ಹೊಳೆಯ ಈಚೆ ಮಣ್ಣು ಮಾಡಿ ನಾನೊಬ್ಬಳೇ ಹರಿಗೋಲು ಹತ್ತುವುದಿಲ್ಲ, ಜೀವಂತವಾಗಿ ಕರೆದುಕೊಂಡು ಹೋಗಿ ಅವರ ಹೊಸ್ತಿಲು ದಾಟಿಸಿಯೇ ಬಿಡುತ್ತೇನೆ ಎಂದು ಬಸವಣ್ಣನ ಮುಂದೆ ನಿಂತು ಹೇಳಿಕೊಂಡೆ. ಬೇಡಿಕೊಂಡೆ ಅಂದರೆ ಸುಳ್ಳಾಗುತ್ತದೆ. ಜಗಳದ ದನಿಯಲ್ಲೇ ಹೇಳಿದೆ.

ಮೊದಲು ಬಳ್ಳಾರಿಯ ಡಾಕ್ಟರರಿಗೆ ತೋರಿಸಿದೆವು. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು, ಏರು ಬಂದಲ್ಲಿ ಇಳಿದು ನಡೆಯಬೇಕು. ಬೀಗತಿಯೂ ಬಂದರು, ರೇಷ್ಮೆ ಸೀರೆ ಉಟ್ಟು. ಕೋಟೆಯ ಗುಡ್ಡ ಕಾಣುವ ಒಂದು ಬೀದಿಯಲ್ಲಿ ಡಾಕ್ಟರರು ಅತ್ತೆಯ ಕಣ್ಣು, ನಾಲಗೆ, ಹೊಟ್ಟೆ ಎಲ್ಲ ನೋಡಿ, ರೋಗವೇನೂ ಇಲ್ಲ ಎಂದರು.

"ಮನ್ಯಾಗ ಏನು ಕೆಲಸ ಮಾಡ್ತಾರ?" ಎಂದು ಕೇಳಿದರು.

"ಒಂದು ಕಡ್ಡಿ ಎತ್ತಿಡಾಕ ಬಿಟ್ಟಿಲ್ರಿ. ಹೂವಿನಂಗ ಇಟ್ಟೀವಿ" ಎಂದರು ಬೀಗತಿ, ಹೆಮ್ಮೆಯಿಂದ.

ಡಾಕ್ಟರರು ಅವರ ಮುಖವನ್ನೊಮ್ಮೆ ನೋಡಿ, ಒಂದು ಬಾಟಲಿ ಟಾನಿಕ್ ಬರೆದುಕೊಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ. ಕೊಂಡದ್ದು ಹಾಳಾಗಬಾರದೆಂದು ಬೀಗತಿಯೇ ದಿನವೂ ಎರಡು ಚಮಚ ಕುಡಿದು ಮುಗಿಸಿದರು. ಅವರಿಗೆ ಒಳ್ಳೆ ಗುಣವಾಯಿತು.

ಆದರೆ ಆ ದಿನ ಬಳ್ಳಾರಿಯಿಂದ ವಾಪಸು ಬರುವಾಗ ಒಂದು ಸಂಗತಿ ಕಂಡೆ. ಬಸ್ಸು ಹತ್ತಿಯ ಮಂಡಿಯ ಮುಂದೆ ನಿಂತಿತ್ತು. ಅಲ್ಲಿ ಹೆಂಗಸರು ಗುಡ್ಡೆ ಹಾಕಿದ ಹತ್ತಿಯಿಂದ ಕಸ ಆರಿಸುತ್ತಿದ್ದರು. ಎಂಟು ದಿನದಿಂದ ಬಾಯಿ ಬಿಡದಿದ್ದ ಅತ್ತೆ ಕಿಟಕಿಯಿಂದ ನೋಡುತ್ತ, "ಎಷ್ಟು ಸಿಪ್ಪಿ ಬಿಟ್ಟಾರ ನೋಡಲೇ, ಕಣ್ಣು ಎಲ್ಲಿಟ್ಟಾರ ಇವ್ರು?" ಎಂದರು. ಮಡಿಲಲ್ಲಿದ್ದ ಅವರ ಬೆರಳುಗಳು ಹತ್ತಿ ಬಿಡಿಸುವ ಹಾಗೆ ಆಡುತ್ತಿದ್ದವು. ಔಷಧ ಗೊತ್ತಾಯಿತು. ಅದನ್ನು ಬೀಗತಿಯ ಮನೆಯಲ್ಲಿ ಕೊಡುವ ಹಾಗಿರಲಿಲ್ಲ, ಅಷ್ಟೇ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಕುರುಗೋಡಿನ ಓಣಿಯಲ್ಲಿ ಮನೆಮನೆಗೂ ಶಾವಿಗೆಯ ಮಣೆಗಳು ಹೊರಬಿದ್ದವು. ನಮ್ಮ ಎದುರುಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವವರು. ಮೊಮ್ಮಗಳ ಮದುವೆ ಇಟ್ಟುಕೊಂಡಿದ್ದರು. ರೇಷನ್ನಿನ ಕಾಲದಲ್ಲಿ ಹೇಗೋ ಗೋಧಿ ಕೂಡಿಸಿ, ರವೆ ತೆಗೆದು, ಹಿಟ್ಟು ನಾದಿ ಇಟ್ಟಿದ್ದರು. ಹೊಸೆಯಬೇಕಾದ ಸೊಸೆಯಂದಿರಿಬ್ಬರಿಗೂ ಜ್ವರ. ಅಜ್ಜಿ ಒಬ್ಬರೇ ಮಣೆಯ ಮುಂದೆ ಕೂತು ಒದ್ದಾಡುತ್ತಿದ್ದರು.

ನಾನು ಒಳಗೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದ್ದ ಅತ್ತೆಗೆ ಕೇಳುವ ಹಾಗೆ ನಾದಿನಿಯ ಹತ್ತಿರ ಹೇಳಿದೆ: "ಎದುರುಮನಿ ಅಜ್ಜಿ ಶಾವಿಗಿ ನೋಡಬೇಕು ನೀ. ದನ ಕಟ್ಟೂ ಹಗ್ಗ ಆಗೇತಿ."

ಆಮೇಲೆ ಗೋಡೆಯ ಕಡೆಯಿಂದ, "ಹಿಟ್ಟು ಹದ ಬಂದಿರಂಗಿಲ್ಲ" ಎಂದಿತು ದನಿ.

"ಹದ ಬಂದೈತಿ ಅಂತಾರ್ರಿ ಅಜ್ಜಿ. ಮೊಗಲಾಯಿಯವರಿಗೆ ಶಾವಿಗಿ ಏನು ಗೊತ್ತು ಅಂತಾರ." ಈ ಎರಡನೆಯ ಮಾತು ಅಜ್ಜಿ ಆಡಿರಲಿಲ್ಲ. ದೇವರು ನನ್ನನ್ನು ಕ್ಷಮಿಸಿದ್ದಾನೆ ಅಂದುಕೊಂಡಿದ್ದೇನೆ, ಯಾಕೆಂದರೆ ಅತ್ತೆ ಎದ್ದು ಕೂತರು. ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು ನಿಂತು, ಓಣಿ ದಾಟಿ ಹೋದರು. ಹಿಟ್ಟನ್ನು ಚಿವುಟಿ ನೋಡಿದರು. ಒರಳಿಗೆ ಹಾಕಿಸಿ ಮತ್ತೆ ಕುಟ್ಟಿಸಿದರು, ಕೈಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮುಂದೆ ಕೂತರು. ಅಂಗೈ ಕೆಳಗಿಂದ ಎಳೆ ಹೊರಟಿತು; ಸಣ್ಣದು, ಒಂದೇ ಸಮ, ಕಡಿಯದೆ. ನಾನು ಅದನ್ನು ಹಿಡಿದು ಕೋಲಿಗೆ ಹಾಕುತ್ತ ಹೋದೆ.

"ಏಮಿ ಚೆಯ್ಯಿ ಅಮ್ಮಾ ಇದು! ಎಂಥಾ ಕೈ!" ಎಂದರು ಅಜ್ಜಿ.

ಮಧ್ಯಾಹ್ನಕ್ಕೆ ಬೀಗತಿಗೆ ಸುದ್ದಿ ಮುಟ್ಟಿತು. ಗದ್ದೆಗೆ ನುಗ್ಗಿದ ದನವನ್ನು ಹೊಡೆಯುವವರ ಹಾಗೆ ಬಂದರು.

"ಏನಕ್ಕಾರ, ನಮ್ಮ ಮನ್ಯಾಗ ಕೂಳು ಕಡಿಮಿ ಆಗೇತಿ ಅಂತ ಕೂಲಿಗೆ ಬಂದೀರೇನು? ಓಣಿ ಮಂದಿ ನನ್ನ ಮಾರಿಗೆ ಉಗುಳಬೇಕೇನು?"

ಓಣಿಯ ಮಂದಿ ಉಗುಳಲು ಅಲ್ಲ, ನೋಡಲು ಬಂದು ನಿಂತರು. ಅತ್ತೆ ಕೈ ನಿಲ್ಲಿಸಲಿಲ್ಲ.

"ಕೂಲಿ ಅಲ್ಲಕ್ಕಾ. ಮುಯ್ಯಿ" ಎಂದರು.

ಮುಯ್ಯಿ ಅಂದರೆ ಈಗಿನವರಿಗೆ ಮದುವೆಯ ಉಡುಗೊರೆ ನೆನಪಾಗುತ್ತದೆ. ನಮ್ಮಲ್ಲಿ ಅದು ದುಡಿಮೆಗೂ ಇತ್ತು. ಇವತ್ತು ನಾನು ನಿನ್ನ ಮನೆಯಲ್ಲಿ ಒಂದು ಹಗಲು ದುಡಿದರೆ, ನನಗೆ ಬೇಕಾದಾಗ ನೀನು ಬಂದು ನನ್ನ ಮನೆಯಲ್ಲಿ ಒಂದು ಹಗಲು ದುಡಿಯಬೇಕು. ಅದರಲ್ಲಿ ಕೊಡುವವರು ಸಣ್ಣವರಲ್ಲ, ತೆಗೆದುಕೊಳ್ಳುವವರು ದೊಡ್ಡವರಲ್ಲ. ಬೀಗತನ ಅಡ್ಡ ಬರುವುದಿಲ್ಲ. ಬೀಗತಿಗೂ ಇದು ಗೊತ್ತಿತ್ತು. ಆದರೆ ಅವರೂ ಬಿಡುವ ಹೆಂಗಸಲ್ಲ.

"ಮುಯ್ಯಿ ಅಂದ್ರ ತೀರಸಬೇಕಲ್ಲ? ಎಲ್ಲಿ ತೀರಸ್ತಾರ? ನನ್ನ ಅಂಗಳದಾಗೇನು?"

"ನನ್ನ ಮನ್ಯಾಗ" ಎಂದರು ಅತ್ತೆ. "ಹೊಳಿ ಆಚಿ ನನ್ನ ಮನಿ ಐತಿ. ನಾ ಹೋದಮ್ಯಾಲ ಬರ್ತಾರ. ಬರಂಗಿಲ್ಲೇನು, ಅಮ್ಮಾ?"

"ಅದೆಂಗ ಬರಂಗಿಲ್ಲ!" ಎಂದರು ಅಜ್ಜಿ. ಅವತ್ತಿನ ಮಟ್ಟಿಗೆ ಅವರಿಗೆ ಬೇಕಾಗಿದ್ದುದು ಶಾವಿಗೆ, ಯಾವ ಹೊಳೆಯನ್ನಾದರೂ ದಾಟಲು ಒಪ್ಪುತ್ತಿದ್ದರು. ಆದರೆ ಅತ್ತೆ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡರು. ಬೀಗತಿ ಸೆರಗು ಬೀಸಿಕೊಂಡು ಹೋದರು.

ಅಲ್ಲಿಂದ ನಮ್ಮ ಹಗಲುಗಳು ತುಂಬಿದವು. ಶಾವಿಗೆ ಮುಗಿದರೆ ಹಪ್ಪಳ, ಹಪ್ಪಳ ಮುಗಿದರೆ ಬೀಜದ ಶೇಂಗಾ ಬಿಡಿಸುವುದು, ಅದು ಮುಗಿದರೆ ಮಳೆಗಾಲದ ಮುಂಚೆ ಮಾಳಿಗೆಗೆ, ಅಂದರೆ ಮನೆಯ ಮಣ್ಣಿನ ಸೂರಿಗೆ, ಹೊಸ ಮಣ್ಣು ಹೊತ್ತು ಹಾಕುವುದು. ಯಾರ ಮನೆಯಲ್ಲಿ ಕೈ ಕಡಿಮೆಯೋ ಅಲ್ಲಿಗೆ ನಾನು ಹೋಗಿ ವಾಸನೆ ಹಿಡಿದು ಬರುತ್ತಿದ್ದೆ. ಮರುದಿನ ಇಬ್ಬರೂ ಹೋಗುತ್ತಿದ್ದೆವು. ಮೊದಮೊದಲು ಅತ್ತೆಗೆ ಕೂತು ಏಳಲು ನನ್ನ ಹೆಗಲು ಬೇಕಾಗುತ್ತಿತ್ತು. ಮುಯ್ಯಾಳಿಗೆ ಮಧ್ಯಾಹ್ನದ ಊಟ ಹಕ್ಕು. ಆ ಊಟದಲ್ಲಿ ಋಣದ ಮಾತಿಲ್ಲ. ಅತ್ತೆ ಕಾಲು ಮಡಿಸಿ ಕೂತು ಒಂದು ರೊಟ್ಟಿ ತಿಂದರು, ಬರಬರುತ್ತ ಎರಡು ತಿಂದರು, ಮೇಲೆ ಮಜ್ಜಿಗೆ ಕೇಳಿ ಹಾಕಿಸಿಕೊಂಡರು. ಅವತ್ತು ನಾನು ಎದ್ದು ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತು ಬಂದೆ.

ಇದೂ ಬೀಗತಿಯ ಕಿವಿಗೆ ಬಿತ್ತು. ಈ ಸಲ ಅವರು ಜಗಳಕ್ಕೆ ಬರಲಿಲ್ಲ. ಸಂಜೆ ಒಲೆಯ ಮುಂದೆ ಕೂತು, ನನ್ನ ಮುಖ ನೋಡದೆ, "ನಮ್ಮ ಮನ್ಯಾಗ ಕಾಲು ರೊಟ್ಟಿ, ಮಂದಿ ಮನ್ಯಾಗ ಎರಡು. ನಾ ಹಾಕಿದ್ದರಾಗ ಏನು ಕಮ್ಮಿ ಇತ್ತವಾ?" ಎಂದರು. ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿದು, ಪಾಪ ಅನ್ನಿಸಿತು. ಕಮ್ಮಿ ಏನೂ ಇರಲಿಲ್ಲ, ಹೆಚ್ಚಾಗಿತ್ತು ಎಂದು ಹೇಳಬೇಕೆಂದುಕೊಂಡೆ. ಅದರ ಬದಲು ಅವರ ಪಕ್ಕದಲ್ಲಿ ಕೂತು ಹಿಟ್ಟು ನಾದಲು ಕೈ ಹಾಕಿದೆ. ಅವರು ನನ್ನ ಕೈ ತಡೆಯಲಿಲ್ಲ.

ಮೊದಲ ಮಳೆ ಬೀಳುವ ಮುಂಚೆ ನನ್ನ ಗಂಡ ಸಿರುಗುಪ್ಪದಿಂದ ನಡೆದು ಬಂದ. ನಾವು ಒಬ್ಬರ ಮನೆಯ ಅಂಗಳದಲ್ಲಿ ಏಳೆಂಟು ಹೆಂಗಸರು ಬೀಜ ಹಸನು ಮಾಡುತ್ತಿದ್ದೆವು. ಅವನು ತಲೆಬಾಗಿಲಲ್ಲಿ ನಿಂತವನು ಒಳಗೆ ಬರಲಿಲ್ಲ. ಕೆಟ್ಟ ಸುದ್ದಿ ತಂದಿದ್ದಾನೆಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬೇಡ, ಈಗ ಬೇಡ ಎಂದು ಕಣ್ಣಲ್ಲೇ ಹೇಳಿದೆ. ಅತ್ತೆ ನೋಡಿಬಿಟ್ಟರು.

"ಹೇಳು" ಎಂದರು.

"ಮನಿ ಹೋತಬೇ" ಎಂದ ಅವನು. "ತೊಲಿ, ಜಂತಿ, ಬಾಗಲಾ ಎಲ್ಲಾ ಕಿತ್ತು ಒಯ್ದಾರ. ಮಾಳಿಗಿ ಕುಸದೈತಿ."

ಮೊರಗಳು ನಿಂತವು. ಆ ಹೆಂಗಸರೆಲ್ಲ ಅತ್ತೆಯ ಮುಯ್ಯಿ ಉಂಡವರು. ಅದನ್ನು ತೀರಿಸಬೇಕಾದ ಮನೆಯೇ ಇಲ್ಲವೆಂದು ಅವರ ಎದುರಿಗೇ ಗೊತ್ತಾಗಿತ್ತು. ಒಬ್ಬಾಕೆ ಮೆಲ್ಲಗೆ, "ಇನ್ನು ಯಾಕ ಹೋಗ್ತೀರಬೇ, ಇಲ್ಲೇ ಇದ್ದುಬಿಡ್ರಿ" ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಅವಳ ಬಾಯಿ ಮುಚ್ಚಬೇಕೆನಿಸಿತು. ಇವತ್ತು ಅತ್ತೆ ಮನೆಗೆ ಹೋಗಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ, ಈ ಸಲ ಯಾವ ಶಾವಿಗೆಯೂ ಎಬ್ಬಿಸುವುದಿಲ್ಲ ಎಂದುಕೊಂಡೆ.

ಅತ್ತೆ ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದರು.

"ಗ್ವಾಡಿ ಅದಾವೇನು?"

"ಮೊಣಕಾಲ ಮಟ ಅದಾವ."

"ಬಾವಿ?"

"ಐತಿ."

"ಹಂಗಾರ ನೀರೈತಿ, ಮಣ್ಣೈತಿ" ಎಂದರು. ಆಮೇಲೆ ಹೆಂಗಸರ ಕಡೆ ತಿರುಗಿದರು. "ಕೇಳ್ರೆವಾ. ನಿಮ್ಮ ಶಾವಿಗಿ ಮುಯ್ಯಿ, ಹಪ್ಪಳದ ಮುಯ್ಯಿ ನನಗ ಬ್ಯಾಡ. ನನಗ ಮಣ್ಣಿನ ಮುಯ್ಯಿ ಬೇಕು. ಬರೂವಾಗ ಹಳೇ ಸೀರಿ ಉಟ್ಟು ಬರ್ರಿ."

ಅತ್ತೆ ಮೊರ ಎತ್ತಿ ಕೇರತೊಡಗಿದರು. ಉಳಿದ ಮೊರಗಳೂ ಒಂದೊಂದಾಗಿ ಎದ್ದವು. ಗಂಡ ನನ್ನ ಕಡೆ ನೋಡಿದ. ಅವನಿಗೆ ತಾಯಿಯ ಗುರುತೇ ಸಿಕ್ಕಿರಲಿಲ್ಲ, ಸಂಕ್ರಾಂತಿಗೆ ಬಂದು ನೋಡಿ ಹೋದಾಗ ಒಬ್ಬರು, ಈಗ ಒಬ್ಬರು. ನಾನು ಅವನಿಗೆ ನೀರು ಕೊಟ್ಟು, ಕೂತು ಬೀಜ ಆರಿಸು ಎಂದೆ.

ಆ ಮಳೆಗಾಲವಿಡೀ ಅತ್ತೆ ಹುಚ್ಚು ಹಿಡಿದವರ ಹಾಗೆ ದುಡಿದರು. ಯಾರ ಮನೆಯಲ್ಲಿ ಗಟ್ಟಿ ಸೊಸೆಯಂದಿರಿದ್ದಾರೆ, ಯಾರಲ್ಲಿ ಬಂಡಿ ಇದೆ ಎಂದು ನೋಡಿ ನೋಡಿ ಮುಯ್ಯಿ ಹಾಕುತ್ತಿದ್ದರು. ಬಡಕಲು ಮೈಯವರು ಕರೆದರೆ, "ನಿನ್ನ ಕೈಲೆ ಮಣ್ಣು ತುಳಿಯಾಕ ಆಗೂದಿಲ್ಲ ತಂಗಿ, ನಿನ್ನ ಗಂಡನ್ನ ಕಳಸ್ತೀಯೇನು?" ಎಂದು ಮೊದಲೇ ಮಾತು ಮುಗಿಸಿಕೊಳ್ಳುವರು. ನನಗೆ ನಾಚಿಕೆಯಾಗುತ್ತಿತ್ತು. ಅವರಿಗೆ ನಾಚಿಕೆಗೆಲ್ಲ ಪುರುಸೊತ್ತಿರಲಿಲ್ಲ.

ಮಳೆಗಾಲದ ಕೊನೆಗೆ ದೆಹಲಿಯ ದಂಡು ಆಚೆ ಹೋಯಿತು, ಒಂದು ವಾರ ತುಂಬುವುದರೊಳಗೆ ಎಲ್ಲ ಮುಗಿಯಿತು ಎಂದು ಸುದ್ದಿ ಬಂತು. ಹೊಳೆ ಇಳಿದ ಮೇಲೆ ನಾವು ಸಿರುಗುಪ್ಪದ ದಂಡೆಗೆ ಬಂದು ಹರಿಗೋಲು ಹತ್ತಿದೆವು. ಈ ಸಲ ಗಂಟು ಬಿಚ್ಚಿಸುವವರು ಯಾರೂ ಇರಲಿಲ್ಲ. ಅತ್ತೆ ತಮ್ಮ ಮನೆಯ ಮುಂದೆ ನಿಂತರು. ಹೊಸ್ತಿಲಿದ್ದ ಜಾಗದಲ್ಲಿ ತಗ್ಗು ಬಿದ್ದು ಹುಲ್ಲು ಬೆಳೆದಿತ್ತು. ಅದನ್ನು ದಾಟಿ ಒಳಗೆ ಹೋಗಿ, ಅಲ್ಲಿಯ ಮಣ್ಣು ಹಿಡಿದು ಹಿಸುಕಿ ನೋಡಿ, "ಛಲೋ ಐತಿ" ಎಂದರು.

ಕುರುಗೋಡಿನವರು ಸುಗ್ಗಿಗೆ ಮುಂಚೆ ಬಂದರು. ಎಲ್ಲರೂ ಬರಲಿಲ್ಲ, ಬಾಯಲ್ಲಿ ಬರುತ್ತೇವೆಂದವರು ಅರ್ಧ ಮಂದಿ ಹೊಳೆ ನೋಡಿಯೇ ತಿರುಗಿದರಂತೆ. ಎದುರುಮನೆಯ ಅಜ್ಜಿ ತಮ್ಮ ಬದಲು ಇಬ್ಬರು ಸೊಸೆಯಂದಿರನ್ನು ಕಳಿಸಿದ್ದರು. ಬೀಗತಿ ಒಂದು ಹರಿಗೋಲು ತುಂಬ ಜಂತಿ ಹೇರಿಸಿಕೊಂಡು, ಅದರ ಮೇಲೆ ತಾವು ಕೂತು ಬಂದರು. ಕಚ್ಚೆ ಹಾಕಿ ಕೆಸರಿಗೆ ಇಳಿದರು. ಅತ್ತೆ ಬೇಡವೆನ್ನಲಿಲ್ಲ. "ಅಕ್ಕಾ, ಆ ಮೂಲಿ ಕಡೆ ತುಳೀರಿ, ಅಲ್ಲಿ ಹೆಂಟಿ ಉಳದಾವ" ಎಂದು ಹೇಳಿ ಕೆಲಸ ಮಾಡಿಸಿಕೊಂಡರು. ನಾಲ್ಕಾರು ದಿನ ಬೈಗುಳ, ನಗೆ, ಕೆಸರು. ಗೋಡೆ ಎದ್ದಿತು, ಮಾಳಿಗೆ ಮುಚ್ಚಿತು. ಬಂದವರು ಹೊಳೆಯಲ್ಲಿ ಕೈಕಾಲು ತೊಳೆದುಕೊಂಡು ಹೋದರು.

ಅವರು ಹೋದ ಮರುದಿನ ನಡು ಮಧ್ಯಾಹ್ನ ನಾನು ಹೊಲದಿಂದ ಬಂದೆ. ಮನೆಯಲ್ಲಿ ಕೆಲಸ ರಾಶಿ ಬಿದ್ದಿತ್ತು. ಒಲೆ ಹೂಡಿರಲಿಲ್ಲ, ನೆಲ ಸಾರಿಸಿರಲಿಲ್ಲ. ಅತ್ತೆ ಇನ್ನೂ ಆರದ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಹತ್ತಿರ ಓಡಿದೆ.

"ಯಾಕ್ರಿ ಅತ್ತಿ? ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದೀನಿ" ಎಂದರು. ಕಣ್ಣು ಮುಚ್ಚಿಕೊಂಡಿದ್ದರು. "ಕೆಲಸ ಐತಿ, ಗೊತ್ತೈತಿ. ಆಮ್ಯಾಲ ಮಾಡೋಣಂತ. ನಮ್ಮ ಮನಿ ಐತಲ್ಲ, ಒಂದೀಟು ಖಾಲಿ ಕುಂದರ್ತೀನಿ."

ನಾನು ಬುಟ್ಟಿ ಇಳಿಸಿ ಅವರ ಪಕ್ಕದಲ್ಲಿ ಕೂತೆ. ಸೀರೆಯ ಬೆನ್ನಿಗೆಲ್ಲ ಹಸಿ ಮಣ್ಣು ಹತ್ತಿತು. ಬಿಸಿಲು ಇಳಿಯುವವರೆಗೆ ಇಬ್ಬರೂ ಏಳಲಿಲ್ಲ.